ಹೃದಯದಲ್ಲಿಯ ಹೂಳು

ಹಾನಗಲ್ಲ ಸೀಮೆಯಲ್ಲಿ ಮಳೆ ಹಿಡಿದ ದಿವಸಗಳಲ್ಲಿ ಏರಿಯ ಮೇಲೆ ನಿಂತು ನೋಡುವವನಿಗೆ ಎಲ್ಲಾ ಕೆರೆಗಳೂ ತುಂಬಿದವುಗಳೇ. ನೀರಿನ ಕೆಳಗೆ ಎಷ್ಟು ಮಣ್ಣು ಕೂತಿದೆ ಎಂಬದು ಆಗ ಕಾಣುವದಿಲ್ಲ. ಇನ್ನೊಂದು ಸಂಗತಿಯನ್ನು ಒಕ್ಕಲಿಗರು ಬಲ್ಲರು: ಹೂಳು ತುಂಬಿದ ಕೆರೆಯು ಒಳ್ಳೇ ಕೆರೆಗಿಂತ ಬೇಗನೆ ತುಂಬುವದು, ಬೇಗನೆ ಕೋಡಿ ಹರಿಯುವದು. ತಿಳಿಯದವನು ಅದನ್ನೇ ಹೆಚ್ಚಿನ ಸಮೃದ್ಧಿಯೆಂದು ಹೊಗಳಾನು. ಆದರೆ ಸವಣೂರಿನ ವೀಳ್ಯದೆಲೆಯ ಬಳ್ಳಿಗೆ ಶ್ರಾವಣಮಾಸದ ಹೊಗಳಿಕೆಯಿಂದ ಏನು ಪ್ರಯೋಜನ? ಅದರ ಬೇರಿಗೆ ವೈಶಾಖದಲ್ಲಿ ನೀರು ಬೇಕು. ಕೆರೆಯ ನಿಜವಾದ ಅಳತೆಯು ಬೇಸಿಗೆಯಲ್ಲಿ ತೂಬನ್ನು ಎತ್ತಿದಾಗಲೇ ತಿಳಿಯುವದು.

ಹೃದಯವನ್ನು ಎಲ್ಲಾದಕ್ಕಿಂತ ಹೆಚ್ಚಾಗಿ ಕಾಯಬೇಕೆಂದೂ ಜೀವವು ಹರಿದುಬರುವದು ಅಲ್ಲಿಂದಲೇ ಎಂದೂ ಜ್ಞಾನೋಕ್ತಿಗಳ ನಾಲ್ಕನೆಯ ಅಧ್ಯಾಯವು ಬೋಧಿಸುತ್ತದೆ. ಹಿರೇಕೆರೂರೆಂಬ ಹೆಸರಿನೊಳಗೇ ಕೆರೆಯನ್ನು ಇಟ್ಟುಕೊಂಡಿರುವ ಸೀಮೆಯವರಿಗೆ, ಮಾಸೂರಿನ ಬಳಿಯಲ್ಲಿ ಕುಮುದ್ವತಿಯ ನೀರನ್ನು ತಡೆದ ಮದಗದ ಕೆರೆಯನ್ನು ಕಂಡವರಿಗೆ, ಈ ಮಾತಿನ ಅರ್ಥವನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಹೃದಯದ ಸ್ಥಿತಿಯನ್ನು ಕುರಿತು ಮಿಶನ್ ಸಭೆಗಳಲ್ಲಿ ಬಹುಕಾಲ ಕೈಯಿಂದ ಕೈಗೆ ನಡೆದ ಪುಸ್ತಕ ಒಂದುಂಟು. ಜರ್ಮನಿಯ ಗೊಸ್ನರ್ ಎಂಬವರು 1812ರಲ್ಲಿ ಅದನ್ನು ಪ್ರಕಟಿಸಿದರು. ಆಗ ಅವರು ಇನ್ನೂ ರೋಮನ್ ಸಭೆಯ ಯಾಜಕರಾಗಿದ್ದರು. ಅದರಲ್ಲಿ ಓದು ಬಾರದವರಿಗೂ ತಿಳಿಯುವ ಚಿತ್ರಗಳಿವೆ. ಪಾಪಿಯ ಹೃದಯದೊಳಗೆ ಗರ್ವದ ನವಿಲು, ಹೊಟ್ಟೆಕಿಚ್ಚಿನ ಹಾವು, ಹೊಟ್ಟೆಬಾಕತನದ ಹಂದಿ, ಸೋಮಾರಿತನದ ಆಮೆ ಮೊದಲಾದವು ವಾಸವಾಗಿರುತ್ತವೆ. ಮಾನಸಾಂತರವಾದಾಗ ಅವು ಹೊರಗೆ ಓಡುತ್ತವೆ. ಹೊರಟುಹೋದವುಗಳು ತಿರಿಗಿ ಒಳಗೆ ಬರುವ ಭಯಂಕರವಾದ ಚಿತ್ರವೂ ಉಂಟು. ಈ ಪುಸ್ತಕವು ಭಾರತದಲ್ಲಿಯೂ ಆಫ್ರಿಕಾಖಂಡದಲ್ಲಿಯೂ ಅನೇಕರನ್ನು ಎಚ್ಚರಗೊಳಿಸಿತು.

ಆದರೂ ಹಾವು ಹಾವೇ; ಮನೆಯೊಳಗೆ ಬಂದರೆ ಮಕ್ಕಳೂ ಕೂಗುವರು. ಹೂಳು ಬಂದರೆ ಯಾರೂ ಕೂಗುವದಿಲ್ಲ. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದರು. ಆ ಕಾಲದಲ್ಲಿ ದೀಕ್ಷಾಸ್ನಾನ ಹೊಂದಿದವರಲ್ಲಿ ಅನೇಕರು ಬಂಧುಗಳನ್ನೂ ಊರ ಬಾವಿಯ ನೀರನ್ನೂ ಕಳಕೊಂಡರು. ತಮ್ಮ ಹೃದಯದಲ್ಲಿ ಏನಿತ್ತು, ಏನು ಹೋಯಿತು ಎಂದು ಅವರಿಗೆ ತಿಳಿದಿತ್ತು. ಕ್ರೈಸ್ತರ ಮನೆಯಲ್ಲಿಯೇ ಹುಟ್ಟಿ, ತೊಟ್ಟಿಲಲ್ಲಿಯೇ ಕೀರ್ತನೆ ಕೇಳಿ, ಕುಡಿಯದೆ ಕದಿಯದೆ ದೊಡ್ಡವನಾದವನ ಸಂಗತಿ ಬೇರೆ. ಅವನು ಆ ಚಿತ್ರವನ್ನು ನೋಡಿ, ಈ ಮೃಗಗಳು ನನ್ನಲ್ಲಿ ಇಲ್ಲವಲ್ಲಾ ಎಂದು ಪುಸ್ತಕವನ್ನು ಮುಚ್ಚಿಬಿಡಬಹುದು.

ಅಂಥವನ ಹೃದಯದೊಳಗೆ ಕೂತಿರುವದು ಏನು? ಹೊಲದ ಬದುವಿನ ಒಂದು ಮೊಳ ಭೂಮಿಗಾಗಿ ಅಣ್ಣನ ಸಂಗಡ ಮಾತು ಬಿಟ್ಟು ಎಂಟು ವರುಷವಾಯಿತು. ಇಬ್ಬರೂ ಒಂದೇ ಗುಡಿಯಲ್ಲಿ ಒಂದೇ ಹಾಡನ್ನು ಹಾಡುತ್ತಾರೆ. ಮಗಳಿಗೆ ವರನನ್ನು ಹುಡುಕುವಾಗ, ಹುಡುಗನ ನಡತೆ ಹೇಗೆ ಎಂದು ಕೇಳುವದಕ್ಕೆ ಮುಂಚೆ, ಅವರ ಹಿರಿಯರು ಯಾವ ಜಾತಿಯಿಂದ ಬಂದವರು ಎಂದು ಮೆಲ್ಲಗೆ ವಿಚಾರಿಸುತ್ತಾನೆ. ಜಾತಿಯನ್ನು ಬಿಡದವರಿಗೆ ಬಾಸೆಲ್ ಮಿಶನಿನವರು ದೀಕ್ಷಾಸ್ನಾನ ಕೊಡುತ್ತಿರಲಿಲ್ಲವೆಂಬದನ್ನು ಇವನು ಹೆಮ್ಮೆಯಿಂದ ಹೇಳಲೂಬಲ್ಲನು. ಹೇಳುತ್ತಾ ಹೇಳುತ್ತಲೇ ಒಳಗೆ ಇನ್ನೊಂದು ಪದರು ಮಣ್ಣು ಕೂಡುತ್ತದೆ.

ಇಲ್ಲಿ ಒಬ್ಬನು ಹೀಗೆ ಕೇಳಬಹುದು: ಹೂಳನ್ನು ನಾನು ತಂದು ಹಾಕಿದೆನೋ? ಅದು ಮಳೆಯ ಸಂಗಡ ತಾನೇ ಬಂತು. ಈ ಪ್ರಶ್ನೆ ನ್ಯಾಯವಾದದ್ದೇ; ಇದನ್ನು ಕುಂಟುನೆವವೆಂದು ತಳ್ಳಿಬಿಡಬಾರದು. ಕೆರೆಗೆ ಮಣ್ಣು ಬರುವದು ಕೆಟ್ಟ ನೀರಿನಿಂದಲ್ಲ, ದೇವರು ಸುರಿಸುವ ಅದೇ ಒಳ್ಳೇ ಮಳೆಯಿಂದ. ಹಾಗೆಯೇ ಒಳ್ಳೇ ತಂದೆಯ ಮೇಲಿನ ಪ್ರೀತಿಯೊಂದಿಗೆ ತಂದೆಯ ಹಗೆಯೂ ಮಗನಿಗೆ ಬರುವದು. ಶಾಲೆಯ ವಿದ್ಯೆಯೊಂದಿಗೆ ಓದದವನ ಮೇಲಿನ ತಾತ್ಸಾರವು, ದೇವರು ಕೊಟ್ಟ ಬೆಳೆಯೊಂದಿಗೆ ಬಡ ನೆರೆಯವನ ಮರೆವು ಬರುವದು. ಇವುಗಳ ಬರುವಿಕೆಗೆ ಅವನು ಉತ್ತರವಾದಿಯಲ್ಲ ಎಂದೇ ನನ್ನ ಎಣಿಕೆ. ಆದರೆ ಊರ ಕೆರೆಯಲ್ಲಿ ಹೂಳು ಕೂತರೆ ಮಳೆಯನ್ನು ದೂರುವ ಒಕ್ಕಲಿಗನು ಇಲ್ಲ. ಇಷ್ಟು ವರುಷ ತೆಗೆಯದೆ ಬಿಟ್ಟವರು ಯಾರು ಎಂದೇ ಜನರು ಕೇಳುವರು.

ನೆರೆಯವರಿಗೂ ಈ ವಿಚಾರವು ಹೊಸದಲ್ಲ. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರೂ ಅದೇ ತಾಲೂಕಿನ ಶಿಶುನಾಳದ ಶರೀಫರೂ ಹೊರಗಿನ ಶುದ್ಧಿಯಲ್ಲಿ ತೃಪ್ತಿಪಡದೆ ಒಳಗಿನದನ್ನು ಹುಡುಕಿದವರು. ಅವರ ಪದಗಳನ್ನು ಹಾಡುವ ಊರಲ್ಲಿರುವ ಕ್ರೈಸ್ತನು, ಹೃದಯದ ಮಾತು ತನಗೆ ಮಾತ್ರ ತಿಳಿದದ್ದೆಂದು ಉಬ್ಬಿಕೊಂಡರೆ ಅವರು ನಗುವರು. ನಗುವದಕ್ಕೆ ಕಾರಣವೂ ಉಂಟು.

ಹೂಳನ್ನು ತೆಗೆಯುವದು ನೀರು ಬತ್ತಿದಾಗಲೇ. ತುಂಬಿದ ಕೆರೆಯಲ್ಲಿ ಸಲಿಕೆ ಹಾಕಲಾಗದು. ಕಾಯಿಲೆ, ಸಾಲ, ಮಕ್ಕಳ ಮರಣ ಇವು ಬಂದಾಗ ಹೃದಯದ ಅಂಗಳವು ಬಿರುಕುಬಿಟ್ಟು ಕಾಣುತ್ತದೆ. ಆಗ ಮನುಷ್ಯನು ಹೆದರಿ, ದೇವರು ನನ್ನನ್ನು ಬಿಟ್ಟನೆಂದು ಹೇಳುತ್ತಾನೆ. ಊರವರಾದರೋ ಕೆರೆ ಬತ್ತಿದ ತಿಂಗಳಲ್ಲಿ ಅಳುತ್ತಾ ಕೂಡ್ರುವದಿಲ್ಲ. ಮುಂಚೆ ಚಕ್ಕಡಿ ಹೂಡಿ ಹೋಗುತ್ತಿದ್ದರು, ಈಗ ಟ್ರ್ಯಾಕ್ಟರ್ ತಕ್ಕೊಂಡು ಹೋಗುತ್ತಾರೆ. ಒಬ್ಬನೇ ಅಗೆದರೆ ಮುಗಿಯುವ ಕೆಲಸವೂ ಅದಲ್ಲ. ಯಜ್ಞವೇದಿಯ ಹತ್ತಿರ ನಿಂತಾಗ ಸಹೋದರನ ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಅವನ ಬಳಿಗೆ ಹೋಗು ಎಂದು ಕರ್ತನು ಬೆಟ್ಟದ ಪ್ರಸಂಗದಲ್ಲಿ ಅಪ್ಪಣೆಕೊಟ್ಟದ್ದು ಇದಕ್ಕಾಗಿಯೇ. ಅಣ್ಣನ ಸಂಗಡ ಕೂಡಿದ ಹೂಳನ್ನು ಅಣ್ಣನಿಲ್ಲದೆ ಯಾರು ಎತ್ತುವರು?

ಎತ್ತಿದ ಮಣ್ಣನ್ನು ಎಸೆಯುವರೋ? ಇಲ್ಲ. ಅದನ್ನು ಹೊಲಕ್ಕೆ ಹೇರುವರು. ಕೆರೆಗೆ ಭಾರವಾಗಿದ್ದದ್ದು ಹೊಲಕ್ಕೆ ಗೊಬ್ಬರವಾಗುವದು. ದಾವೀದನ ಪಾಪವು ಅವನೊಳಗೆ ಇದ್ದಷ್ಟು ಕಾಲ ಅವನ ಎಲುಬುಗಳನ್ನು ಸವೆಸಿತು. ಅವನು ಅದನ್ನು ಹೊರಗೆ ಹಾಕಿ ಅರಿಕೆಮಾಡಿದ ಐವತ್ತೊಂದನೆಯ ಕೀರ್ತನೆಯನ್ನು, ಕರ್ತನ ಭೋಜನಕ್ಕೆ ಸಿದ್ಧವಾಗುವಾಗ ಎಷ್ಟೋ ಮಂದಿ ಈ ಹೊತ್ತಿಗೂ ಓದುತ್ತಾರೆ. ಮುಂದಿನ ಭೋಜನದ ಭಾನುವಾರಕ್ಕೆ ಇನ್ನೂ ದಿವಸಗಳಿವೆ. ಬದುವಿನ ಆಚೆಯಲ್ಲಿರುವ ಅಣ್ಣನ ಮನೆ ದೂರವಿಲ್ಲ.