ಇಂದಿನ ಚಿಂತನೆ: ದಂತ ಕೆತ್ತುವ ಕೈಗಳು

 

ಸಾಂಚಿಯ ದೊಡ್ಡ ಸ್ತೂಪದ ದಕ್ಷಿಣ ತೋರಣದ ಕಂಬವೊಂದರ ಮೇಲೆ ಪುಟ್ಟ ಬ್ರಾಹ್ಮಿ ಶಾಸನವಿದೆ. ವಿದಿಶೆಯ ದಂತಕಾರರು ಈ ಕೆತ್ತನೆ ಮಾಡಿದರು ಎಂದು ಅದರ ಅರ್ಥ. ದಂತಕಾರರೆಂದರೆ ಆನೆಯ ದಂತದಲ್ಲಿ ಕೆಲಸ ಮಾಡುವವರು. ಅದೇ ತೋರಣದ ಹಿಂಬದಿಯ ನಡುತೊಲೆ ನೋಡಿ, ಅಲ್ಲಿರುವುದು ಛದ್ದಂತ ಜಾತಕ!

ಕಥೆ ನಿಮಗೆ ಗೊತ್ತು. ಬೋಧಿಸತ್ವ ಆರು ದಂತದ ಗಜರಾಜ. ಹಿಂದಿನ ಜನ್ಮದಲ್ಲಿ ಅವನ ಮಡದಿಯಾಗಿದ್ದವಳು ಮುನಿಸು ಹೊತ್ತು ಮತ್ತೆ ಹುಟ್ಟಿ, ಕಾಶಿಯ ರಾಣಿಯಾಗಿ, ಆ ದಂತಗಳೇ ಬೇಕೆಂದು ಹಟ ಹಿಡಿದು ಸೋಣುತ್ತರನೆಂಬ ಬೇಡನನ್ನು ಅಟ್ಟುತ್ತಾಳೆ. ಅವನು ಕಾಷಾಯ ಹೊದ್ದು ಬರುತ್ತಾನೆ. ಬಾಣ ನಾಟಿದ ಆನೆ ಆ ಬಟ್ಟೆಗೆ ಮರ್ಯಾದೆ ಕೊಟ್ಟು ಅವನನ್ನು ಉಳಿಸುತ್ತದೆ. ಕೊಯ್ಯಲಾಗದೆ ಅವನು ಒದ್ದಾಡುವಾಗ ತಾನೇ ಸೊಂಡಿಲಲ್ಲಿ ಗರಗಸ ಹಿಡಿದು ಕೊಯ್ದುಕೊಡುತ್ತದೆ. ದಂತಗಳನ್ನು ಕಂಡ ರಾಣಿ ಎದೆಯೊಡೆದು ಸಾಯುತ್ತಾಳೆ.

ಈ ತೊಲೆಯ ಮೇಲೆ ರಕ್ತವಿಲ್ಲ, ಗರಗಸವಿಲ್ಲ. ಆನೆಗಳು ತಮ್ಮ ಪಾಡಿಗೆ ತಾವಿವೆ. ಬಲಗಡೆ ಬಂಡೆಯ ಮರೆಯಲ್ಲಿ ಒಬ್ಬ ಬಿಲ್ಲು ಸಿದ್ಧಮಾಡಿಕೊಳ್ಳುತ್ತಿದ್ದಾನೆ, ಅಷ್ಟೆ. (ವನ್ಯಜೀವಿ ಸಪ್ತಾಹದ ಚಿತ್ರಸ್ಪರ್ಧೆಗೆ ನಮ್ಮ ಮಕ್ಕಳು ಕೆಂಪು ಬಣ್ಣವನ್ನೇ ಸುರಿಯುತ್ತಾರೆ. ನೋಡಿದವರು ‘ಅಯ್ಯೋ ಪಾಪ’ ಎಂದು ಮುಂದಕ್ಕೆ ಹೋಗುತ್ತಾರೆ.) ಇಲ್ಲಿ ಬಾಣ ಇನ್ನೂ ಹೊರಟಿಲ್ಲ. ನೋಡುವವನಿಗೆ ತಡೆಯುವ ಹೊತ್ತು ಇನ್ನೂ ಇದೆ. ರಾಣಿಗೆ ಅದು ಇರಲಿಲ್ಲ.

ಆ ತೊಲೆಯನ್ನೂ ದಂತಕಾರರೇ ಕೆತ್ತಿದರೆಂದು ಶಾಸನ ಹೇಳುವುದಿಲ್ಲ. ಆದರೆ ಅದು ಅವರ ಕಣ್ಣಿಗೆ ಬೀಳದೆ ಇದ್ದೀತೇ? ದಂತದಿಂದಲೇ ಅನ್ನ ಉಣ್ಣುವವರು ಆ ಕಥೆಯ ಕೆಳಗೆ ಕೂತು ಉಳಿ ಹಿಡಿದದ್ದನ್ನು ಬೂಟಾಟಿಕೆ ಎನ್ನುವುದು ಸುಲಭ. ನನಗೆ ಹಾಗೆನಿಸುವುದಿಲ್ಲ. ಬುದ್ಧರು ಉಪಾಸಕರಿಗೆ ಬೇಡವೆಂದ ಐದು ವ್ಯಾಪಾರಗಳು ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ದಂತದ ಹೆಸರು ಅದರಲ್ಲಿಲ್ಲ. ಪಟ್ಟಿ ಹೇಳದೆ ಬಿಟ್ಟದ್ದನ್ನು ಒಂದು ಕಲ್ಲಿನ ಚಿತ್ರ ಅವರೆದುರು ಇಟ್ಟಿತು. ಕೇಳುವುದು, ಬಿಡುವುದು ಅವರಿಗೆ ಸೇರಿದ್ದು.

ಹೆಚ್ಚಿನವರು ಕೇಳಲಿಲ್ಲ ಎನ್ನುವುದನ್ನೂ ಒಪ್ಪಬೇಕು. ಎರಡು ಸಾವಿರ ವರ್ಷ ದಂತದ ವ್ಯಾಪಾರ ನಡೆದೇ ಇತ್ತು. ಅದಕ್ಕೆ ಕಡಿವಾಣ ಬಿದ್ದದ್ದು ಕಾನೂನಿನಿಂದ, ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986 ಮತ್ತು 1991ರಲ್ಲಿ ಬಂದ ತಿದ್ದುಪಡಿಗಳಿಂದ. ಆದರೆ ಆನೆಯ ನೋವು ಯಾರ ಮನಸ್ಸಿಗೂ ತಟ್ಟದ ನಾಡಿನಲ್ಲಿ ಅಂಥ ಕಾನೂನು ಯಾರು ಕೇಳುತ್ತಿದ್ದರು?

ಮೈಸೂರಿನ ಬೀಟೆಮರದ ಕುಸುರಿಯಲ್ಲಿ ಹಿಂದೆ ದಂತದ ಚೂರುಗಳನ್ನು ಕೂರಿಸುತ್ತಿದ್ದರು. ಈಗ ಆ ಬಿಳಿಯ ಜಾಗಕ್ಕೆ ಪ್ಲಾಸ್ಟಿಕ್. ಕಸುಬು ನಿಂತಿಲ್ಲ. ಅವರು ಮಾಡುವ ಚಿತ್ರಗಳಲ್ಲಿ ಈಗಲೂ ಎಷ್ಟೋ ಆನೆಗಳದ್ದೇ.