ಇಂದಿನ ಧಮ್ಮ ಚಿಂತನೆ: ನಡುವಿನ ಬಾಗಿಲು



ಬಂಧುಗಳೇ, ನಾನು ಹವಾಮಾನ ದತ್ತಾಂಶದ ಥ್ರೆಡ್ಸ್ ಸರ್ವರ್ ನೋಡಿಕೊಳ್ಳುವವನು. ಕಳೆದ ವಾರ ಕ್ಯಾಟಲಾಗ್ ತೆರೆಯುತ್ತಿತ್ತು, ಒಳಗೆ ಮಳೆಯ ಫೈಲ್ ಒಂದೂ ಇಲ್ಲ. ಹಿಂದಿನ ದಿನ ಕ್ಯಾಟಲಾಗ್ ತಿದ್ದಿದ್ದ ಕಿರಿಯ ಸಹೋದ್ಯೋಗಿಯ ಮೇಲೆ ಎಲ್ಲರೆದುರು ರೇಗಿದೆ. ಅವನು ಮಾತಾಡದೆ ಎದ್ದು ಹೊರಗೆ ಹೋದ.

ಆಮೇಲೆ ಕೂತು ನೋಡಿದೆ. ಅವನು ಬರೆದ ದಾರಿ ಸರಿಯಾಗಿಯೇ ಇದೆ. ಫೈಲುಗಳನ್ನು ಎಲ್ಲರೂ ಓದಬಹುದು ಅಂತಲೂ ಇದೆ. ಆದರೆ ಲಿನಕ್ಸ್‌ನಲ್ಲಿ ಅಷ್ಟು ಸಾಲದು. ಮೇಲಿನಿಂದ ಕೆಳಗಿನ ತನಕ ಪ್ರತಿ ಡೈರೆಕ್ಟರಿಯಲ್ಲೂ ಹಾದುಹೋಗುವ ಅನುಮತಿ, ಆ 'ಎಕ್ಸ್', ಬೇಕು. 'ನೇಮ್‌ಐ -ಎಲ್' ಕೊಟ್ಟಾಗ ಒಂದೊಂದೇ ಮೆಟ್ಟಿಲು ಕಂಡಿತು. ಮೂರನೇ ಡೈರೆಕ್ಟರಿ 700. ಟಾಮ್‌ಕ್ಯಾಟ್‌ಗೆ ಅಲ್ಲೇ ತಡೆ. ಹೊಸ ಡಿಸ್ಕಿಗೆ ದತ್ತಾಂಶ ಸಾಗಿಸುವಾಗ ಆ ಡೈರೆಕ್ಟರಿ ಮಾಡಿದವನು ನಾನೇ!

ನಮಗಿದು ಗೊತ್ತಿರುವ ಕಥೆ. ಸಾರ್ವಜನಿಕ ಕೆರೆಗಳು ಎಲ್ಲರಿಗೂ ತೆರೆದಿರಲಿ ಎಂದು 1923ರಲ್ಲೇ ಮುಂಬಯಿ ವಿಧಾನ ಪರಿಷತ್ತು ನಿರ್ಣಯ ಮಾಡಿತ್ತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರೊಂದಿಗೆ ಮಹಾಡಿನ ಚವದಾರ್ ಕೆರೆಗೆ ನಡೆದೇ ಹೋಗಬೇಕಾಯಿತು. ಕಾಗದದಲ್ಲಿ ಅನುಮತಿ, ದಾರಿಯಲ್ಲಿ ತಡೆ.

ತಥಾಗತರು ಕಾರಣ ಹುಡುಕಲು ಕಲಿಸಿದರು. ನಾನು ಹುಡುಕಿದ್ದು ಆರೋಪಿಯನ್ನು.

'ಎಲ್ಲಕ್ಕೂ 777 ಕೊಟ್ಟುಬಿಡಿ ಸರ್' ಎಂದರೊಬ್ಬರು. ಬೇಡ ಎಂದೆ. ಬೇಕಿದ್ದುದು 755, ಅದೂ ಆ ಒಂದಕ್ಕೆ.

ಮರುದಿನ ಹುಡುಗನ ಕ್ಷಮೆ ಕೇಳಿದೆ, ಎಲ್ಲರೆದುರೇ. ಬೈದದ್ದೂ ಎಲ್ಲರೆದುರು ತಾನೇ? 'ಪರವಾಗಿಲ್ಲ ಸರ್' ಅಂದ. ಊಟಕ್ಕೆ ಮಾತ್ರ ಇನ್ನೂ ನನ್ನ ಜೊತೆ ಬರುತ್ತಿಲ್ಲ.