ಧೂಳು ಯಾವುದು, ಅಜ್ಜಿ ಯಾವುದು

ಹಳೇ ನೆಗೆಟಿವ್ ಸ್ಕ್ಯಾನ್ ಮಾಡೋರಿಗೆಲ್ಲ ಗೊತ್ತಿರುವ ಒಂದು ತಾಪತ್ರಯ ಇದೆ. ಕಲರ್ ಫಿಲ್ಮ್ ಆದರೆ ಒಳ್ಳೆಯ ಸ್ಕ್ಯಾನರ್ ಅದರ ಮೂಲಕ ಇನ್‌ಫ್ರಾರೆಡ್ ಬೆಳಕು ಹಾಯಿಸುತ್ತೆ. ಆ ಬೆಳಕು ಬಣ್ಣವನ್ನು ಸಲೀಸಾಗಿ ದಾಟುತ್ತೆ, ಧೂಳನ್ನು ದಾಟಲ್ಲ. ಹಾಗಾಗಿ ಧೂಳು ಎಲ್ಲಿದೆ ಅಂತ ಸಾಫ್ಟ್‌ವೇರ್‌ಗೆ ತಿಳಿದು, ತಾನೇ ಒರೆಸಿಬಿಡುತ್ತೆ. ಹಳೇ ಬ್ಲ್ಯಾಕ್ ಅಂಡ್ ವೈಟ್ ಫಿಲ್ಮಿನಲ್ಲಿ ಈ ಆಟ ನಡೆಯಲ್ಲ. ಅಲ್ಲಿ ಚಿತ್ರವೇ ಬೆಳ್ಳಿಯ ಕಣಗಳಿಂದ ಆಗಿರೋದು, ಬೆಳ್ಳಿಯೂ ಇನ್‌ಫ್ರಾರೆಡ್ ಅನ್ನು ತಡೆಯುತ್ತೆ. ಯಂತ್ರದ ಪಾಲಿಗೆ ಅಜ್ಜಿಯ ಮೂಗುತಿಯ ಹೊಳಪೂ ಪಕ್ಕದಲ್ಲಿ ಕೂತ ಧೂಳೂ ಒಂದೇ. ಯಾವುದು ಅಜ್ಜಿ, ಯಾವುದು ಕಸ ಅಂತ ಮನುಷ್ಯನೇ ತೀರ್ಮಾನಿಸಬೇಕು.

ಧೂಳಿನ ವಿಷಯದಲ್ಲಿ ನನಗೆ ಗೊಂದಲ ಇಲ್ಲ. ಅದು ಟ್ರಂಕಿನದ್ದು, ಅಜ್ಜಿಯದ್ದಲ್ಲ. ಕಷ್ಟ ಶುರುವಾಗೋದು ಕೆನ್ನೆಯ ಹತ್ತಿರ. ದೊಡ್ಡದು ಮಾಡಿ ನೋಡಿದರೆ ಅಲ್ಲಿ ಸಣ್ಣ ಸಣ್ಣ ಗೀಟುಗಳು. ಆಗಿನ ಸ್ಟುಡಿಯೋದವರು ಚೂಪು ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೇ ತಿದ್ದುತ್ತಿದ್ದರು. ಪೆನ್ಸಿಲ್ ಬಿದ್ದ ಕಡೆ ಪ್ರಿಂಟ್ ಬೆಳ್ಳಗಾಗುತ್ತೆ, ಮುಖದ ಗುಳಿ ತುಂಬಿದ ಹಾಗೆ ಕಾಣುತ್ತೆ. ಅಜ್ಜಿಗೆ ಚಿಕ್ಕಂದಿನಲ್ಲಿ ಸಿಡುಬು ಆಗಿತ್ತು. ಅಂದರೆ ಫೋಟೋಶಾಪ್ ಹುಟ್ಟುವ ಎಷ್ಟೋ ಮೊದಲೇ ಯಾರೋ ಒಬ್ಬ ಬಗ್ಗಿ ಕೂತು ಆ ಕಲೆಗಳನ್ನು ಮುಚ್ಚಿದ್ದ.

ಈಗ ನಾನೇನು ಮಾಡಬೇಕು? ನೆಗೆಟಿವ್‌ನಿಂದ ಪೆನ್ಸಿಲ್ ಒರೆಸಿದರೆ ಕಲೆಗಳು ಹೊರಗೆ ಬರುತ್ತವೆ. ಸತ್ಯ ಅಂತ ಅದನ್ನು ಕರೆಯಬಹುದು. ಆದರೆ ಅವಳೇ ಮರೆಸಲು ಬಯಸಿದ್ದರೆ? ಸ್ಕ್ರೀನ್ ಮೇಲೆ ಹೀಲಿಂಗ್ ಬ್ರಷ್ ಆಡಿಸಿದರೆ ಗೀಟೂ ಹೋಗುತ್ತೆ, ಕಲೆಯೂ ಬರಲ್ಲ. ಬ್ರಷ್ ಪಕ್ಕದ ಚರ್ಮದಿಂದ ಸಾಲ ತಂದು ಹಚ್ಚುತ್ತೆ. ಅದು ಅಜ್ಜಿಯ ಮುಖವೂ ಅಲ್ಲ, ಅವಳು ಒಪ್ಪಿದ ಮುಖವೂ ಅಲ್ಲ. ಮೂರನೆಯದೊಂದು.

ಇಷ್ಟರ ಮಧ್ಯೆ ಫ್ಯಾಮಿಲಿ ಗ್ರೂಪಿನಲ್ಲಿ, ‘ಹಾಗೇ ಸ್ವಲ್ಪ ಬೆಳ್ಳಗೆ ಮಾಡೋ’ ಅಂತ ಬೇಡಿಕೆ. ಮಾಡಲ್ಲ ಅಂದೆ. ಬಿಸಿಲಲ್ಲಿ ರಾಗಿ ಕಳೆ ಕಿತ್ತವಳ ಬಣ್ಣ ಅದು. ಪೆನ್ಸಿಲ್ ತಿದ್ದುವಾಗ ಅವಳನ್ನು ಕೇಳಿದ್ದರೋ ಇಲ್ಲವೋ, ಆ ಪ್ರಿಂಟನ್ನು ಅವಳು ಕೈಯಲ್ಲಿ ಹಿಡಿದು ನೋಡಿದ್ದಾಳೆ, ಗೋಡೆಗೆ ಹಾಕಿದ್ದಾಳೆ. ನನ್ನ ತಿದ್ದುಪಡಿಗೆ ಆ ಒಪ್ಪಿಗೆ ಸಿಗುವ ದಾರಿಯೇ ಇಲ್ಲ. ‘ಒರಿಜಿನಲ್ ಇರುತ್ತಲ್ಲ, ಬೇಕಾದರೆ ಅನ್‌ಡೂ ಮಾಡು’ ಅಂತಾರೆ. ಅನ್‌ಡೂ ಇರೋದು ನನ್ನ ಲ್ಯಾಪ್‌ಟಾಪಿನಲ್ಲಿ. ಫಾರ್ವರ್ಡ್ ಆಗುವ ಜೆಪೆಗ್‌ನಲ್ಲಿ ಇಲ್ಲ. ಮುಂದಿನ ಮಕ್ಕಳಿಗೆ ಅದೇ ಅಜ್ಜಿ.

ಧೂಳು ತೆಗೆದೆ, ಪೆನ್ಸಿಲ್ ಗೀಟು ಬಿಟ್ಟೆ. ಗಲ್ಲದ ಮೇಲೆ ಒಂದು ಕಪ್ಪು ಚುಕ್ಕೆ ಇದೆ. ಫಿಲ್ಮಿನ ಪದರ ಕಿತ್ತರೂ ಹಾಗೇ ಕಾಣುತ್ತೆ, ಮಚ್ಚೆ ಇದ್ದರೂ ಹಾಗೇ ಕಾಣುತ್ತೆ. ಅಪ್ಪನನ್ನು ಕೇಳಿದೆ. ‘ಇತ್ತು ಅನ್ಸುತ್ತೆ’ ಅಂದರು. ಅದನ್ನು ಮುಟ್ಟಿಲ್ಲ.